ದೋಸ್ತಗೊಂದು ಪತ್ರ: ರೈಲು ನಿಲ್ಲುತ್ತಿದ್ದದ್ದು ನಮಗಲ್ಲ

ಪ್ರೀತಿಯ ದೋಸ್ತ,

ಹೋದ ಭಾನುವಾರ ಗದಗಿಗೆ ಹೊರಟವನು ಸುಮ್ನೆ ನಮ್ಮೂರ ಸ್ಟೇಷನ್ ಕಡೆ ಬೈಕ್ ತಿರುಗಿಸಿದೆ. ಬಾಗಿಲಿಗೆ ಹಲಗೆ ಬಡಿದಿದ್ದಾರೆ. ಹಳದಿ ಬೋರ್ಡಿನ ಎರಡು ಕಾಲು ಇವೆ, ಬೋರ್ಡಿಲ್ಲ. ಟಿಕೆಟ್ ಕಿಟಕಿಯ ಕಂಬಿ ಮಾತ್ರ ಹಾಗೇ ಇದೆ. ಮೂರನೆಯ ಕಂಬಿ ಬಾಗಿತ್ತಲ್ಲ, ನಿನ್ನ ಕೈ ಸಿಕ್ಕಿಕೊಂಡು ಊರು ಕೇಳುವಂತೆ ಅತ್ತಿದ್ದೆಯಲ್ಲ, ಅದೇ.

ಬೇವಿನ ಮರದ ಕೆಳಗೆ, ಆಗ ಹಳಿ ಬದಲಿಸುವ ಕೆಲಸಕ್ಕಿದ್ದ ಪಾಯಿಂಟ್ಸ್‌ಮನ್ ಕಾಕಾ ಆಡು ಮೇಯಿಸುತ್ತ ಕೂತಿದ್ದರು. "ಊರಿಗೆ ರೈಲು ನಿಲ್ಲೋದೇ ಬಿಟ್ಟಿತಲ್ಲ ಕಾಕಾ" ಅಂದೆ. ನಕ್ಕರು. "ನಿಮ್ಮ ಸಲುವಾಗಿ ಯಾವಾಗ ನಿಂತಿತ್ತೋ ತಮ್ಮಾ? ಎದುರಿನ ಗಾಡಿ ಸಲುವಾಗಿ ನಿಲ್ತಿತ್ತು."

ಯೋಚಿಸಿದರೆ ನಿಜ. ಒಂದೇ ಹಳಿ, ಎದುರು ಬರುವ ಗಾಡಿಗೆ ದಾರಿ ಬಿಡಲು ನಮ್ಮಲ್ಲಿ ಇನ್ನೊಂದು ಹಳಿ. ಬೆತ್ತದ ಬಳೆಗೆ ಚರ್ಮದ ಚೀಲ ಕಟ್ಟಿ ಅದರೊಳಗೆ ಉಕ್ಕಿನ ಟೋಕನ್ ಗುಂಡು ಇಡುತ್ತಿದ್ದರು, ನೆನಪಿದೆಯಾ? ಗುಂಡಿನ ಮೇಲೆ ನಮ್ಮದು, ಮುಂದಿನದು ಎರಡೂ ಸ್ಟೇಷನ್ನಿನ ಹೆಸರು ಕೆತ್ತಿರುತ್ತಿತ್ತು. ಗುಂಡು ಕೊಡುವ ಯಂತ್ರ ಎರಡೂ ಕಡೆ, ಅವುಗಳ ನಡುವೆ ತಂತಿ ಸಂಪರ್ಕ. ಒಂದು ಗುಂಡು ಹೊರಬಿತ್ತೆಂದರೆ ಇನ್ನೊಂದು ಬರುತ್ತಿರಲಿಲ್ಲ. ಗುಂಡು ಕೈಗೆ ಬರದೆ ಡ್ರೈವರ್ ಮುಂದೆ ಹೋಗುವಂತಿಲ್ಲ. ನಿಲ್ಲದ ಗಾಡಿ ಬಂದಾಗ ಕಾಕಾ ಬಳೆ ಎತ್ತಿ ಹಿಡಿದು ನಿಲ್ಲುತ್ತಿದ್ದರು, ಇಂಜಿನ್ನಿಂದ ಒಂದು ತೋಳು ಚಾಚಿ ಕಸಿದುಕೊಂಡು ಹೋಗುತ್ತಿತ್ತು. "ಭುಜ ಹರಿದು ಹೋದಂಗ ಆಗ್ತಿತ್ತು" ಅಂತ ಈಗಲೂ ಬಲಭುಜ ಸವರಿಕೊಂಡರು.

ಈಗ ಡಬಲ್ ಲೈನ್. ಹೋಗುವುದು ಒಂದು, ಬರುವುದು ಒಂದು. ಯಾರೂ ಯಾರಿಗೂ ಕಾಯಬೇಕಿಲ್ಲ. ಊರವರು ರೈಲು ಬಿಟ್ಟು ಬಸ್ಸು ಹಿಡಿದು ಎಷ್ಟೋ ವರ್ಷವಾಗಿತ್ತು, ಅದನ್ನೂ ಒಪ್ಪಿಕೊಳ್ಳಬೇಕು. ನಾನೇ ಬೈಕಿನಲ್ಲಿ ಹೋಗಿದ್ದೆ, ಅಲ್ವಾ?

ಹಾಗೆ ನೋಡಿದರೆ ಹಳಿಯೇ ನಮಗಾಗಿ ಹಾಕಿದ್ದಲ್ಲ. 1876-78ರ ಬರದಲ್ಲಿ ಈ ಸೀಮೆಗೆ ಕಾಳು ಸಾಗಿಸಲು ಸರಿಯಾದ ದಾರಿ ಇರಲಿಲ್ಲ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಮೀಟರ್ ಗೇಜ್ ಹಳಿ ಬಂತು. ಬರಕ್ಕೆ ಕಾಳು ತರುವುದು ಒಂದು ಕಾರಣ. ಆದರೆ ನಮ್ಮ ಎರೆನೆಲದ ಹತ್ತಿಯನ್ನು ಮರ್ಮಗೋವಾ ಬಂದರಿಗೆ ಒಯ್ಯುವ ಆಸೆಯೇನೂ ಕಡಿಮೆ ಇರಲಿಲ್ಲ. ನನ್ನ ಕೇಳಿದರೆ ಅದೇ ಜಾಸ್ತಿ. 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, ಅಂದರೆ ಎಂಎಸ್‌ಎಂ ಆಯಿತು. ನಮ್ಮಜ್ಜ ಕೊನೆವರೆಗೂ ರೈಲಿಗೆ "ಎಮ್ಮೆಸ್ಸೆಮ್ಮು" ಅಂತಲೇ ಅನ್ನುತ್ತಿದ್ದ.

ಹೊರಡುವಾಗ ಕಾಕಾ ನಿನ್ನನ್ನೂ ಕೇಳಿದರು. "ಟಿಕೆಟ್ ಇಲ್ದೆ ಅಣ್ಣಿಗೇರಿಗೆ ಓಡ್ತಿದ್ದನಲ್ಲ, ಆ ಹುಡುಗ ಎಲ್ಲದಾನ?"

ಬೆಂಗಳೂರಿನಲ್ಲಿ ಅಂದೆ.

"ಟಿಕೆಟ್ ತಗೊಂಡು ಹೋದ್ನೋ?"

ಇಂತಿ ನಿನ್ನ ದೋಸ್ತ