ಒಂದನೇ ಕೃಷ್ಣ

ಪುಟ್ಟಿ,

ಮಂಡ್ಯದಿಂದ ಮೈಸೂರಿಗೆ ಹೋಗುವವಳಿಗೆ ಕಾಗದ ಬರೆಯುತ್ತಾ ಕೂತಿದ್ದೇನೆ ಅಂತ ನಿಮ್ಮಮ್ಮ ನಗುತ್ತಿದ್ದಾಳೆ. ರೈಲಲ್ಲಿ ಹೆಚ್ಚೆಂದರೆ ಒಂದು ಗಂಟೆ ದಾರಿ. ಆದರೆ ಒಂದೇ ಮನೆಯಲ್ಲಿದ್ದುಕೊಂಡು ಹನ್ನೊಂದು ದಿನದಿಂದ "ಊಟ ಆಯ್ತಾ", "ಹೂಂ" ಬಿಟ್ಟರೆ ನಾವು ಮಾತಾಡಿಲ್ಲ. ಬಾಯಲ್ಲಿ ಬಾರದ್ದು ಪೆನ್ನಲ್ಲಾದರೂ ಬರುತ್ತೇನೋ ನೋಡೋಣ.

ಆವತ್ತು ರಾತ್ರಿ ನಾನು ಅಂದದ್ದು ನಿನಗೂ ನೆನಪಿದೆ, ನನಗೂ ನೆನಪಿದೆ. ಮತ್ತೆ ಬರೆಯುವುದಿಲ್ಲ. ತಪ್ಪಾಯ್ತು. ಬರೆಯಬೇಕಾದ್ದು ನೀನು ತಿರುಗಿ ಹೇಳಿದ ಮಾತಿನ ಬಗ್ಗೆ. "ತಾತ ನಿಮ್ಮನ್ನ ನಾಟಕಕ್ಕೆ ಬಿಡಲಿಲ್ಲ, ಈಗ ನೀವು ನನ್ನ ಬಿಡ್ತಿಲ್ಲ" ಅಂದೆಯಲ್ಲ, ಅದು.

ತಾತ ನನ್ನನ್ನು ತಡೆಯಲಿಲ್ಲ ಪುಟ್ಟಿ.

1988. ಊರಹಬ್ಬಕ್ಕೆ ಪೌರಾಣಿಕ ನಾಟಕ. ನಮ್ಮ ಕಡೆ ಪಾತ್ರ ಬೇಕಾದರೆ ನಾವೇ ದುಡ್ಡು ಕೊಡಬೇಕು, ನಿನಗೆ ಗೊತ್ತಲ್ಲ. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರು, ಎಲ್ಲ ಅದರಲ್ಲೇ ಆಗಬೇಕು. ಸೈನಿಕನಿಗೆ ಕಮ್ಮಿ, ದುರ್ಯೋಧನನಿಗೆ ಜಾಸ್ತಿ, ಕೃಷ್ಣನಿಗೂ ಜಾಸ್ತಿ. ಕೃಷ್ಣನ ಹಾಡು ಒಬ್ಬನ ಗಂಟಲಿಗೆ ಆಗುವಷ್ಟಲ್ಲ ಅಂತ ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಇಬ್ಬರು. ನಾನು ಒಂದನೇ ಕೃಷ್ಣ. 800 ರೂಪಾಯಿ. ನಿನಗೆ ಹೇಳದೇ ಇದ್ದದ್ದು ಇಲ್ಲಿಂದ ಶುರು: ಆ ದುಡ್ಡು ಕೊಟ್ಟವರು ತಾತ. ಭತ್ತ ಮಾರಿ ತಂದು, ಟವೆಲ್ಲಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದರು. "ಮೇಷ್ಟ್ರಿಗೆ ಕೊಡು" ಅಂದರು, ಅಷ್ಟೇ.

ಮೂರು ತಿಂಗಳು ಪ್ರಾಕ್ಟೀಸು. ಮೇಷ್ಟ್ರು ನನ್ನ ಗಂಟಲು ಹೊಗಳಿದ್ದರು. ಕಂದಪದ್ಯಗಳು ನಿದ್ದೆಯಲ್ಲೂ ಬರುತ್ತಿದ್ದವು. ಆ ರಾತ್ರಿ ಮುಖಕ್ಕೆ, ಕೈಗೆ ನೀಲಿ ಬಣ್ಣ ಹಚ್ಚಿದರು. ಕಿರೀಟ ಕಟ್ಟುವವನು ದಾರ ಬಿಗಿದಾಗ ಕಿವಿ ಹಿಂದೆ ನೋವಾಗಿದ್ದು ಈಗಲೂ ನೆನಪಿದೆ. ತಾತ ಲೋಟದಲ್ಲಿ ಮೆಣಸು ಹಾಕಿದ ಬಿಸಿ ಹಾಲು ತಂದು ನಿಂತಿದ್ದರು. ಗಂಟಲಿಗೆ ಒಳ್ಳೆಯದು ಅಂತ. ನಾನು ಪರದೆ ಸಂದಿಯಿಂದ ಹೊರಗೆ ನೋಡಿದೆ. ಸುತ್ತ ಏಳೂರಿನ ಜನ. ಮುಂದೆ ಚಾಪೆ ಹಾಸಿಕೊಂಡು ಕೂತ ಮಕ್ಕಳು, ಹಿಂದೆ ಎತ್ತಿನಗಾಡಿ ಮೇಲೆ ನಿಂತವರು. ಮೊದಲನೇ ಪದ್ಯದ ಮೊದಲನೇ ಅಕ್ಷರ ಯಾವುದು ಅಂತ ಹುಡುಕಿದೆ. ಸಿಗಲಿಲ್ಲ.

"ಒಂದ್ನಿಮಿಷ, ಬಂದೆ" ಅಂದೆ. ಹಿಂದಿನ ಪರದೆ ಎತ್ತಿ ಹೊರಟವನು ನಾಲೆ ಏರಿ ದಾಟಿ ಕಬ್ಬಿನ ಗದ್ದೆಗೆ ನುಗ್ಗಿದೆ. ಕಿರೀಟದ ಸಮೇತ. ನಗಬೇಡ. ಸರಿ, ನಗು.

ಕಬ್ಬಿನ ಗರಿ ಕೈಯೆಲ್ಲ ಕುಯ್ದಿತ್ತು, ಬಣ್ಣ ಒಳಗಿಳಿದು ಉರಿಯುತ್ತಿತ್ತು. ಮೈಕಿನಲ್ಲಿ ನನ್ನ ಹೆಸರು ಮೂರು ಸಲ ಕೂಗಿದರು. ಆಮೇಲೆ ಕೂಗಲಿಲ್ಲ. ಹಾರ್ಮೋನಿಯಂ ಶುರುವಾಯಿತು. ನನ್ನ ಪದ್ಯವನ್ನು ಎರಡನೇ ಕೃಷ್ಣ ಹಾಡಿದ. ಬೆಳಗಿನ ಜಾವದವರೆಗೂ ಎರಡೂ ಪಾಲು ಅವನೇ ಹಾಡಿದ, ನಾನು ಗದ್ದೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ. ಕಡೆಕಡೆಗೆ ಅವನ ಗಂಟಲು ಒಡೆದಿತ್ತು. ನಾನು ಮನಸ್ಸಿನಲ್ಲೇ ಅವನ ಜೊತೆ ಹಾಡಿದೆ. ಒಂದಕ್ಷರ ತಪ್ಪಲಿಲ್ಲ. ಈಗಲೂ ತಪ್ಪುವುದಿಲ್ಲ, ಬೇಕಾದರೆ ನಿಮ್ಮಮ್ಮನನ್ನು ಕೇಳು, ಸ್ನಾನದ ಮನೆಯಲ್ಲಿ ನಾನು ಹಾಡುವುದು ಅದನ್ನೇ.

ಬೆಳಗಾದ ಮೇಲೆ ತಾತನೇ ಹುಡುಕಿಕೊಂಡು ಬಂದರು. ಬೈಯಲಿಲ್ಲ. ಮನೆ ಹಿಂದೆ ಕೂರಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಪಂಚೆ ಚೂರಿನಲ್ಲಿ ಬಣ್ಣ ಒರೆಸಿದರು. ಜಗುಲಿಗೆ ನಾಲ್ಕು ಜನ ಕೇಳೋಕೆ ಬಂದಾಗ, "ನಾನೇ ಬೇಡ ಅಂದೆ ಕಣ್ರಪ್ಪ, ವ್ಯವಸಾಯದ ಮನೆಯವರಿಗೆ ಇದೆಲ್ಲ ಯಾಕೆ" ಅಂದರು. ನಾನು ಒಳಗೆ ಕೇಳಿಸಿಕೊಂಡು ಸುಮ್ಮನಿದ್ದೆ. ಊರೆಲ್ಲ ಅವರನ್ನು ಆಡಿಕೊಂಡಿತು. ಮುಂದಿನ ವರ್ಷ, 1989ರಲ್ಲಿ, ನನಗೆ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಬಿ.ವಿ. ಕಾರಂತರು ಮೈಸೂರಿನಲ್ಲಿ ರಂಗಾಯಣ ನಾಟಕ ಸಂಸ್ಥೆ ಶುರು ಮಾಡಿದ್ದೂ ಅದೇ ವರ್ಷ. ಪೇಪರಿನಲ್ಲಿ ಓದಿ "ನಮ್ಮಪ್ಪ ಬಿಡಲ್ಲ" ಅಂತ ಸ್ನೇಹಿತರಿಗೆ ಹೇಳಿದೆ. ಕೇಳಿಯೇ ಇರಲಿಲ್ಲ. ಆಮೇಲೆ ಅದೇ ಮಾತನ್ನು ನಿಮ್ಮಮ್ಮನಿಗೆ ಹೇಳಿದೆ, ನಿನಗೆ ಹೇಳಿದೆ. ನೀನು ಚಿಕ್ಕವಳಾಗಿದ್ದಾಗ ತಾತನ ಮೇಲೆ ಸಿಟ್ಟು ಮಾಡಿಕೊಂಡು ಒಂದಿಡೀ ದಿನ ಅವರ ತೊಡೆ ಮೇಲೆ ಕೂರಲಿಲ್ಲ, ನೆನಪಿದೆಯಾ? ಆಗಲೂ ಅವರು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅವರನ್ನು ಮಣ್ಣು ಮಾಡುವ ದಿನವೂ ಬಿಡಲಿಲ್ಲ.

ನೀನು ತಟ್ಟೆ ಮುಂದೆ ಕೂತು, ನನ್ನ ಮುಖ ನೋಡಿಕೊಂಡು, "ಅಪ್ಪಾ, ಕೆಲಸ ಬಿಟ್ಟೆ, ರಂಗಾಯಣದ ಡಿಪ್ಲೊಮಾಗೆ ಸೀಟು ಸಿಕ್ತು" ಅಂದೆ. ಓಡಿಹೋಗಲಿಲ್ಲ. ನನಗೆ ಸಿಟ್ಟು ಬಂದದ್ದು ಕೆಲಸ ಹೋಯಿತು ಅಂತ ಅಂದುಕೊಂಡಿದ್ದೆ. ಬರೀ ಅದಲ್ಲ.

ಆದರೂ ಹೇಳುತ್ತೇನೆ. ಒಂದು ವರ್ಷ ಮುಗಿದ ಮೇಲೆ ಏನು ಅನ್ನುವುದು ನಿನಗೂ ಗೊತ್ತಿಲ್ಲ. ಅದು ನನಗೆ ಈಗಲೂ ಇಷ್ಟವಿಲ್ಲ. ಪಿಎಫ್ ದುಡ್ಡಿಗೆ ಕೈ ಹಾಕಬೇಡ. ನಿನ್ನ ಸರ್ವೀಸು ಐದು ವರ್ಷ ಆಗಿಲ್ಲ, ಈಗ ತೆಗೆದರೆ ತೆರಿಗೆ ಬೀಳುತ್ತದೆ. ಕಂಪನಿ ಮಾಡಿಸಿದ್ದ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಯಿತು, ಬೇರೆ ಮಾಡಿಸು, ಈ ತಿಂಗಳೇ. ರಿಹರ್ಸಲ್ ಮುಗಿಸಿ ರಾತ್ರಿ ಸ್ಕೂಟರಿನಲ್ಲಿ ಊರಿಗೆ ಬರುವ ಹುಚ್ಚು ಬೇಡ. ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟಿನಿಂದ ಬೈಕು ಸ್ಕೂಟರು ಬಿಡುವುದಿಲ್ಲ, ಸರ್ವಿಸ್ ರೋಡಿನಲ್ಲಿ ಲೈಟಿಲ್ಲದ ಕಡೆ ಟ್ರ್ಯಾಕ್ಟರ್ ನಿಂತಿರುತ್ತವೆ. ಬೆಳಿಗ್ಗೆ ರೈಲಿಗೆ ಬಾ. ಊಟ ಬಿಡಬೇಡ. ಯಾರಾದರೂ ಮೇಷ್ಟ್ರು ತುಂಬಾ ಹೊಗಳಿದರೆ ನಂಬಬೇಡ. ಉಪದೇಶ ಮಾಡಬಾರದು ಅಂತಲೇ ಕೂತಿದ್ದೆ, ನೋಡು, ಲೆಕ್ಕದ ಗುಮಾಸ್ತನ ಬುದ್ಧಿ.

ಅಕ್ಷರ ಮರೆತುಹೋದರೆ ಓಡಬೇಡ. ನಿಂತಿರು. ಆಮೇಲೆ ಏನಾಗುತ್ತದೆ ಅಂತ ನನಗೆ ಗೊತ್ತಿಲ್ಲ, ನಾನು ನಿಂತವನಲ್ಲ. ನೀನು ನೋಡಿ ಬಂದು ನನಗೆ ಹೇಳು.

ಬ್ಯಾಗಿನ ಪಕ್ಕದ ಜೇಬಿನಲ್ಲಿ ಕೊಬ್ಬರಿ ಎಣ್ಣೆ ಸೀಸೆ ಇಟ್ಟಿದ್ದೇನೆ. ಬಣ್ಣ ತೆಗೆಯುವಾಗ ಮೊದಲೇ ಸೋಪು ಹಾಕಬೇಡ, ಉರಿಯುತ್ತೆ. ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಸೋಮವಾರ ಸ್ಟೇಷನ್ನಿಗೆ ನಾನೇ ಬಿಡುತ್ತೇನೆ. ದಾರಿಯಲ್ಲಿ ಈ ಕಾಗದದ ಮಾತು ತೆಗೆಯಬೇಡ.

ಅಪ್ಪ