ಕಂತಿನ ಹಣ ಕುರಿಯಾದ ಬಗೆ

ಮಾನ್ಯ ಸಂಪಾದಕರೇ,

ಮಹಾರಾಷ್ಟ್ರ ಸರ್ಕಾರವು 2024ರ ಜುಲೈನಿಂದ ‘ಲಾಡಕಿ ಬಹೀಣ’ ಯೋಜನೆಯಡಿ, ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರದ ಕುಟುಂಬಗಳ 21ರಿಂದ 65 ವರ್ಷದ ಮಹಿಳೆಯರ ಖಾತೆಗೆ ತಿಂಗಳಿಗೆ 1,500 ರೂಪಾಯಿ ನೇರವಾಗಿ ಜಮಾ ಮಾಡುತ್ತಿದೆ. ಈ ಹಣ ಸೀರೆ–ಸಂತೆಯಲ್ಲೇ ಕರಗುತ್ತದೆ ಎನ್ನುವವರು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ನಮ್ಮ ಕನ್ನಡ ಹಳ್ಳಿಗಳಿಗೆ ಒಮ್ಮೆ ಬರಬೇಕು.

ನಮ್ಮ ಓಣಿಯ ತಾಯಿಯೊಬ್ಬರು ಆರು ಕಂತುಗಳನ್ನು ಮುಟ್ಟದೆ ಇಟ್ಟು, ಆ 9,000 ರೂಪಾಯಿಗೆ ಕೂಲಿಯಲ್ಲಿ ಉಳಿಸಿದ್ದನ್ನೂ ಕೂಡಿಸಿ, ಮಾಡಗ್ಯಾಳ ತಳಿಯ ಹೆಣ್ಣುಕುರಿಯೊಂದನ್ನು ಕೊಂಡರು. ಬಾಗಿದ ಮೂಗಿನ ಈ ಕುರಿ ನಮ್ಮ ತಾಲ್ಲೂಕಿನದೇ ತಳಿ. ಇಲ್ಲಿಯ ಬಿಸಿಲಿಗೂ ಒಣಮೇವಿಗೂ ಒಗ್ಗಿದ್ದು. ಅದು ಈದ ಮೊದಲ ಗಂಡುಮರಿಯನ್ನು ಮಾರಿದ ಸಂಜೆಯೇ ಅವರು ಕಿರಾಣಿ ಅಂಗಡಿಯ ಉದ್ರಿ ಚೀಟಿ ಹರಿಸಿಕೊಂಡು ಬಂದರು. ಪ್ರತಿ ವರ್ಷ ಮಕ್ಕಳನ್ನು ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುತ್ತಿದ್ದ ಆ ಕುಟುಂಬ ಈ ಸಲ ಊರಲ್ಲೇ ಉಳಿದಿದೆ, ಮಕ್ಕಳು ಕನ್ನಡ ಶಾಲೆ ಬಿಟ್ಟಿಲ್ಲ. ಇದು ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿದೆ.

ಆದರೆ ಕಂತು ಯಾವ ದಿನ ಬರುತ್ತದೆಂಬುದು ತಿಳಿಯದೆ ಮೇವು, ಔಷಧಿಯ ಲೆಕ್ಕ ಹಾಕುವುದು ಕಷ್ಟ. ಇ–ಕೆವೈಸಿಯ ಮರಾಠಿ ಸೂಚನೆಗಳು ಅರ್ಥವಾಗದ ಹಿರಿಯ ಮಹಿಳೆಯರು ಪರರನ್ನೇ ನಂಬಬೇಕಾಗಿದೆ. ಸರ್ಕಾರವು ಹಣ ಜಮೆಗೆ ನಿಶ್ಚಿತ ದಿನಾಂಕ ಗೊತ್ತುಮಾಡಿ, ಗಡಿಯ ಗ್ರಾಮ ಪಂಚಾಯತಿಗಳಲ್ಲಿ ಕನ್ನಡ ಬಲ್ಲ ಸಹಾಯಕರನ್ನು ನೇಮಿಸಲಿ. ಪಶುವೈದ್ಯರು ವಾರಕ್ಕೊಮ್ಮೆಯಾದರೂ ಹಳ್ಳಿಗೆ ಬರುವಂತೆ ಮಾಡಲಿ.

– ಓದುಗ, ಜತ್ತ ತಾಲ್ಲೂಕು, ಸಾಂಗ್ಲಿ ಜಿಲ್ಲೆ