ಮಸ್ಕತ್‌ನಲ್ಲಿರೋ ಮಂಜನಿಗೆ

ಲೋ ಮಂಜ,

ಇದನ್ನ ವಾಟ್ಸಾಪಲ್ಲೇ ಕಳಿಸೋಣ ಅಂತ ಟೈಪ್ ಮಾಡಿದ್ದೆ ಕಣೋ, ಆಮೇಲೆ ಬೇಡ, ಎಲ್ಲರೂ ಓದೋ ಕಡೆನೇ ಹಾಕೋಣ ಅನ್ನಿಸ್ತು. ಯಾಕಂತ ಮುಂದೆ ಗೊತ್ತಾಗುತ್ತೆ. ಹಳದಿ ಶರ್ಟ್ ವಿಷಯ ಎತ್ತಲ್ಲ, ಆಣೆ.

ಮೂರು ವಾರದಿಂದ ಟೆಡ್ಡಿ ವೆದರ್‌ಫೋರ್ಡ್ ಅನ್ನೋನ ಹಿಂದೆ ಬಿದ್ದಿದೀನಿ. ಜಾಝ್ ಪಿಯಾನೋದವನು, 1903ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದ್ದು, ಹುಡುಗ ಆಗಿದ್ದಾಗ ನ್ಯೂ ಆರ್ಲಿಯನ್ಸಲ್ಲಿ ಪಿಯಾನೋ ಹಿಡಿದು ಆಮೇಲೆ ಚಿಕಾಗೋಗೆ ಬಂದ. ಅಲ್ಲಿ ವೆಂಡೋಮ್ ಅಂತ ಥಿಯೇಟರು, ಮೂಕಿ ಚಿತ್ರಗಳ ಕಾಲ, ಮೇಲೆ ಪಿಕ್ಚರ್ ಓಡ್ತಿದ್ರೆ ಕೆಳಗೆ ಎರ್ಸ್ಕಿನ್ ಟೇಟ್ ಆರ್ಕೆಸ್ಟ್ರಾ, ಅದರಲ್ಲಿ ಜಾಝ್ ಟ್ರಂಪೆಟ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ ಬೇರೆ! ಅವರೆಲ್ಲ ಸೇರಿ 1926ರ ಮೇ ತಿಂಗಳಲ್ಲಿ ಒಂದು ರೆಕಾರ್ಡ್ ಮಾಡಿದ್ದಾರೆ, ಕೇಳು, ಮೈ ಜುಮ್ಮನ್ನುತ್ತೆ.

ಆದ್ರೆ ನಂಗೆ ಹುಚ್ಚು ಹಿಡಿಸಿದ್ದು ಅವನು 1937ರಲ್ಲಿ ಪ್ಯಾರಿಸ್ಸಲ್ಲಿ ಒಬ್ಬನೇ ಕೂತು ನುಡಿಸಿದ್ದು. ಎಡಗೈ ಕೇಳಿಸ್ಕೋ. ಕಿರುಬೆರಳು ಕೆಳಗಡೆ ಬೇಸ್ ಕುಟ್ಟುತ್ತೆ, ಮುಂದಿನ ಪೆಟ್ಟಿಗೆ ಅದೇ ಕೈ ಹಾರಿ ನಡುಮಧ್ಯದ ಕಾರ್ಡ್, ಅಂದ್ರೆ ಮೂರ್ನಾಲ್ಕು ಸ್ವರ ಒಟ್ಟಿಗೆ, ಹಿಡಿಯುತ್ತೆ, ಮತ್ತೆ ಕೆಳಗೆ, ಮತ್ತೆ ಮೇಲೆ, ಧೂಂ ಚಕ್ ಧೂಂ ಚಕ್, ನಮ್ಮ ಬೇಸ್ ಗಿಟಾರು, ರಿದಂ ಪ್ಯಾಡು ಎರಡರ ಕೆಲಸಾನೂ ಒಂದೇ ಕೈಲಿ. ಬಲಗೈ ಅದರ ಮೇಲೆ ಆರಾಮಾಗಿ ಓಡಾಡ್ಕೊಂಡಿರುತ್ತೆ.

ಇಂಥವನು 1926ರಲ್ಲೇ ಜಾಕ್ ಕಾರ್ಟರ್ ಬ್ಯಾಂಡ್ ಜೊತೆ ಏಷ್ಯಾಕ್ಕೆ ಬಂದ್ಬಿಟ್ಟ. ಶಾಂಘೈ, ಆಮೇಲೆ ಬಾಂಬೆಯ ತಾಜ್, ಯುದ್ಧದ ಕಾಲಕ್ಕೆ ಕಲ್ಕತ್ತಾದ ಗ್ರ್ಯಾಂಡ್ ಹೋಟೆಲ್. 1945ರ ಏಪ್ರಿಲಲ್ಲಿ ಅಲ್ಲೇ ಕಾಲರಾ ಬಂದು ಹೋದ, 41 ವರ್ಷ ಅಷ್ಟೇ. ಅವನ ವಾರಿಗೆಯ ಇನ್ನೊಬ್ಬ ಪಿಯಾನೋದವನು ಅರ್ಲ್ ಹೈನ್ಸ್, ಅವನೂ 1903ರಲ್ಲೇ ಹುಟ್ಟಿದ್ದು, ಚಿಕಾಗೋದಲ್ಲೇ ಉಳ್ಕೊಂಡ, 1928ರಲ್ಲಿ ಆರ್ಮ್‌ಸ್ಟ್ರಾಂಗ್ ಜೊತೆ ರೆಕಾರ್ಡ್ ಮಾಡಿ ಚರಿತ್ರೆಲಿ ಸೇರ್ಕೊಂಡ.

ಇದನ್ನ ಓದಿದಾಗ ನನ್ನ ಬಾಯಿಂದ ಬಂದ ಮಾತು: ಛೆ, ಹೋಟೆಲಲ್ಲಿ ನುಡಿಸಿ ಕೈ ಹಾಳ್ಮಾಡ್ಕೊಂಡ. ಅಂದ ಕೂಡ್ಲೇ ಎದೆ ಧಸಕ್ ಅಂತು ಮಂಜ. ಮಸ್ಕತ್ ಹೋಟೆಲಲ್ಲಿ ಕೀಬೋರ್ಡ್ ನುಡಿಸೋ ನಿನ್ನ ಬಗ್ಗೆ ಇದೇ ಮಾತನ್ನ ಆಡಿದ್ದೆ ನಾನು. ಹೋದ ವರ್ಷ ಗಣಪತಿ ಪ್ರೋಗ್ರಾಂ ಮುಗಿಸ್ಕೊಂಡು ಟೀ ಅಂಗಡೀಲಿ, ಆರು ಜನರ ಮುಂದೆ, "ಮಂಜನ ಕೈ ಹಾಳಾಯ್ತು ಕಣ್ರೋ, ಲಾಬಿ ಮ್ಯೂಸಿಕ್ ಅದು" ಅಂತ. ಎಲ್ಲರ ಮುಂದೆ ಅಂದಿದ್ದು, ಅದಕ್ಕೇ ತಪ್ಪಾಯ್ತು ಅನ್ನೋದೂ ಎಲ್ಲರ ಮುಂದೇನೇ.

ಟೆಡ್ಡಿ ವಿಷಯದಲ್ಲೂ ನಾನು ತಪ್ಪು. ಅವನು ಕಪ್ಪು ಜನಾಂಗದವನು, ಅವನ ದೇಶದಲ್ಲಿ ಆಗ ಎಷ್ಟೋ ಹೋಟೆಲ್‌ಗಳು ಅವನಂಥೋರನ್ನ ಗಿರಾಕಿ ಅಂತ ಒಳಗೇ ಬಿಟ್ಕೋತಿರಲಿಲ್ಲ. ಇಲ್ಲಿ ಅವನೇ ಬ್ಯಾಂಡಿನ ಯಜಮಾನ. ಕಲ್ಕತ್ತಾ ಬ್ಯಾಂಡಲ್ಲಿ ಬರ್ಮಾದೋರು, ನೇಪಾಳದೋರು, ಆಂಗ್ಲೋ ಇಂಡಿಯನ್ನರು ಅವನ ಪಕ್ಕ ಕೂತು ನುಡಿಸಿದ್ರು. ಆ ಹುಡುಗರ ಕಡೆಯಿಂದ ಯೋಚಿಸು, ಅವನು ಎಲ್ಲಿಗೋ ಹೋದವನಲ್ಲ, ಬಂದವನು.

ಇನ್ನೊಂದು ಹೇಳ್ಬಿಡ್ತೀನಿ, ಹೇಳಬಾರದು ಅಂದ್ಕೊಂಡಿದ್ದೆ. ಯುಗಾದಿಗೆ ನೀನು ಕಳಿಸಿದ ವಿಡಿಯೋಗೆ ಹಾರ್ಟ್ ಹಾಕಿದ್ನಲ್ಲ, ಅದನ್ನ ಹತ್ತು ಸೆಕೆಂಡೂ ನೋಡಿರಲಿಲ್ಲ. ಹೊಟ್ಟೆಕಿಚ್ಚು. ನೀನು ಅಲ್ಲಿ ಇನ್ನೊಂದು ಜಾಗ ಇದೆ ಬಾರೋ ಅಂದಾಗ ಅಮ್ಮನ ಮಂಡಿನೋವು ಅಂದೆ ನೋಡು, ಅಮ್ಮ ಆಗ ಚೆನ್ನಾಗೇ ಓಡಾಡ್ತಿದ್ರು. ಆಡಿಷನ್ನಲ್ಲಿ ಫೇಲ್ ಆದ್ರೆ ನಿಂಗೆ ಮುಖ ತೋರ್ಸೋದು ಹೇಗೆ ಅಂತ ಭಯ ಆಗಿತ್ತು, ಅಷ್ಟೇ.

ಮೊನ್ನೆ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಆ ವಿಡಿಯೋ ಪೂರ್ತಿ ನೋಡಿದೆ. ಜನ ಊಟ ಮಾಡ್ತಿದಾರೆ, ವೇಟರ್ ಅಡ್ಡ ಬರ್ತಾನೆ, ನಿನ್ನ ಎಡಗೈ ಒಂದ್ಸಲಾನೂ ತಾಳ ಬಿಡಲಿಲ್ಲ ಕಣೋ.

ಸರಿ, ಸಾಕು. ಜನರೇಟರ್ ಮಾಮ ನಿನ್ನ ಕೇಳ್ತಿದ್ದ, ಅದೇ ಪ್ರಶ್ನೆ, ಅದೇ ನಗು. ಡಿಸೆಂಬರಲ್ಲಿ ಬರುವಾಗ ಖರ್ಜೂರ ತರಬೇಡ, ಹೋದ ಸಲದ್ದೇ ಎರಡು ಡಬ್ಬ ಇದೆ. ಬೆರಳು ಕಾಣೋ ಹಾಗೆ ಮೇಲಿಂದ ಒಂದು ವಿಡಿಯೋ ಮಾಡಿ ಕಳಿಸು, ಎಡಗೈ ಮಾತ್ರ.

ನಿನ್ನ,
ಸೆಕೆಂಡ್ ಕೀಬೋರ್ಡು